ಅಪ್ಪನ ಕುರಿ, ಮಾವನ ಸುಂಕ

ನಮ್ಮ ಮಾವ ಪಾಲಾಕ್ಷಪ್ಪನವರು ಟಿವಿಯಲ್ಲಿ ವಾರ್ತೆ ನೋಡುವ ಚಟ ಹಚ್ಚಿಕೊಳ್ಳದೇ ಇದ್ದಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ. ಅದು ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ. ಹೊರದೇಶದ ಮಾಲು ಬಂದು ನಮ್ಮ ರೈತರ ಹೊಟ್ಟೆಯ ಮೇಲೆ ಹೊಡೆಯುತ್ತದೆ, ಸರ್ಕಾರ ಸುಂಕ ಏರಿಸಬೇಕು ಎಂದು ಟಿವಿಯಲ್ಲಿ ದಿನವೂ ಯಾರೋ ಒಬ್ಬರು ಕೂಗಾಡುತ್ತಿದ್ದರು. ಮಾವ ಮಂಚದ ಮೇಲೆ ಕಾಲು ಮಡಚಿ ಕೂತು, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು, ತಮ್ಮನ್ನೇ ಕೇಳುತ್ತಿದ್ದಾರೆ ಎಂಬಂತೆ ತಲೆ ಆಡಿಸುತ್ತಿದ್ದರು. ಅವರು ಮಲ್ಲನಕೆರೆ ಪಂಚಾಯಿತಿಯ ಅಧ್ಯಕ್ಷರು. ತಲೆ ಆಡಿಸಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು.

"ದೇಶ ದೇಶಗಳಾ ಹೊರಗಿನ ಮಾಲಿಗೆ ಸುಂಕ ಹಾಕ್ತಾವಂತ. ನಮ್ಮೂರು ಯಾಕ ಹಾಕಬಾರ್ದು?" ಎಂದರು ಒಂದು ದಿನ ಊಟಕ್ಕೆ ಕೂತು.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. "ನಮ್ಮೂರಿಗೆ ಹೊರಗಿನ ಮಾಲು ಅಂದ್ರ ಯಾವುದು ಮಾವ?" ಎಂದು ಕೇಳಿದೆ.

"ಇನ್ಯಾವುದು? ಬನ್ನಿಹಟ್ಟಿ ಕುರಿ."

ಬನ್ನಿಹಟ್ಟಿ ನನ್ನ ತವರು. ಕೈಯಲ್ಲಿದ್ದ ರೊಟ್ಟಿ ಹೆಂಚಿನ ಮೇಲೆ ಮಡಚಿ ಬಿತ್ತು. ಆ ಹರಿದ ರೊಟ್ಟಿಯನ್ನೇ ಮಾವನ ತಟ್ಟೆಗೆ ಹಾಕಿದೆ. ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ತಡ.

ಎರಡು ಊರುಗಳ ನಡುವೆ ಇರುವುದು ಒಂದು ಕೆರೆ, ಒಂದು ಕಲ್ಲುಗುಡ್ಡ. ಗುಡ್ಡದ ಆಚೆ ಬನ್ನಿಹಟ್ಟಿಯಲ್ಲಿ ಕೆಂಪು ನೆಲ, ಕುರುಚಲು, ಮನೆಮನೆಗೂ ಕುರಿ. ಈಚೆ ಮಲ್ಲನಕೆರೆಯಲ್ಲಿ ಎರೆ ಹೊಲ, ಜೋಳ, ಸೋಮವಾರದ ಸಂತೆ. ನಮ್ಮವರ ಕುರಿ, ಕಂಬಳಿ ಎಲ್ಲ ಆ ಸಂತೆಯಲ್ಲೇ ಮಾರಬೇಕು. ಹಾಗೆಯೇ ಜೋಳದ ಸುಗ್ಗಿ ಮುಗಿದ ಮೇಲೆ ನಮ್ಮವರು ತಮ್ಮ ಹಿಂಡುಗಳನ್ನು ಮಲ್ಲನಕೆರೆಯ ಹೊಲಗಳಲ್ಲಿ ರಾತ್ರಿ ತರುಬಿ ಮಲಗಿಸುತ್ತಾರೆ. ಬೆಳಗಾಗುವುದರೊಳಗೆ ಹೊಲದ ತುಂಬ ಹಿಕ್ಕೆ, ಗಂಜಲ. ಹೊಲದವರು ಅದಕ್ಕೆ ಕಾಳು ಕೊಡುತ್ತಾರೆ. ಒಮ್ಮೆ ಕುರಿ ಮಲಗಿದ ಹೊಲ ಮೂರು ಬೆಳೆಯವರೆಗೆ ಬೇರೆ ಗೊಬ್ಬರ ಕೇಳುವುದಿಲ್ಲ. ಇದರಲ್ಲಿ ಯಾರು ಯಾರ ಹಂಗಿನಲ್ಲಿದ್ದಾರೆ ಎಂದು ಯಾರೂ ಯೋಚಿಸಿರಲಿಲ್ಲ. ನಮ್ಮ ಮಾವ ಯೋಚಿಸಿದರು, ಅದೂ ತಲೆಕೆಳಗಾಗಿ.

ಅವರನ್ನು ಕೆಣಕಿದವರು ಊರಿನ ಹೊಸ ಕುರಿಗಾರರು. ಈಚೆಗೆ ಮಲ್ಲನಕೆರೆಯಲ್ಲೂ ನಾಲ್ಕಾರು ಮಂದಿ ಕುರಿ ಕಟ್ಟಿದ್ದರು. ಸಾಕಲು ಬಾರದವರ ಕೈಗೆ ಸಿಕ್ಕ ಆ ಕುರಿಗಳು ಬಡಕಲಾಗಿದ್ದವು. ಬನ್ನಿಹಟ್ಟಿಯ ಕುರಿಗಳ ಪಕ್ಕ ನಿಲ್ಲಿಸಿದರೆ ದಾವಣಗೆರೆಯ ವ್ಯಾಪಾರಿಗಳು ತಿರುಗಿಯೂ ನೋಡುತ್ತಿರಲಿಲ್ಲ. "ಅವರ ಕುರಿ ಬರೋದು ನಿಂತ್ರ ನಮ್ಮವು ಮಾರ್ತಾವ" ಎಂದು ಅವರು ಮಾವನ ಬೆನ್ನು ಬಿದ್ದರು. ಮಾವನಿಗೆ ಟಿವಿಯ ಮಾತು ನೆನಪಾಯಿತು. ಯುಗಾದಿ ಕಳೆದ ಮೊದಲ ಸೋಮವಾರದಿಂದ ಹೊರಊರಿನ ಕುರಿಗೆ ಸಂತೆಯ ಸುಂಕ ಮೂರು ಪಟ್ಟು, ಊರಿನ ಕುರಿಗೆ ಏನೂ ಇಲ್ಲ ಎಂದು ಡಂಗುರ ಹೊಡೆಸಿಯೇಬಿಟ್ಟರು.

ಡಂಗುರದ ಸದ್ದು ಕೇಳಿದಾಗ ನನಗೆ ಮೊದಲು ಬಂದ ಯೋಚನೆ, ಇನ್ನು ಅಪ್ಪ ನಮ್ಮ ಹೊಲಕ್ಕೆ ಕುರಿ ತರುತ್ತಾನೆಯೇ ಎಂದು. ಅದಕ್ಕೊಂದು ಕಾರಣವಿತ್ತು. ನನ್ನ ಮದುವೆಯಲ್ಲಿ ಅಪ್ಪ ಬಂಗಾರ ಹಾಕಲಿಲ್ಲ, ಹಾಕುವ ಶಕ್ತಿ ಇರಲಿಲ್ಲ. ಬದಲಿಗೆ ನೆರೆದ ಬೀಗರ ಮುಂದೆ ಒಂದು ಮಾತು ಕೊಟ್ಟ. ಪ್ರತಿವರ್ಷ ಕುರಿ ತರುಬಲು ಶುರು ಮಾಡಿದಾಗ ಮೊದಲ ರಾತ್ರಿ ಮಗಳ ಹೊಲದಲ್ಲಿ, ಒಂದು ಕಾಳೂ ಮುಟ್ಟದೆ. ಬನ್ನಿಹಟ್ಟಿಯಲ್ಲಿ ಹೆಣ್ಣು ಕೊಟ್ಟವರು ನಡೆಸಿಕೊಂಡು ಬಂದ ಪದ್ಧತಿ ಅದು. ಆ ಮೊದಲ ರಾತ್ರಿಯೇ ನನ್ನ ಬಂಗಾರ. ಮರುದಿನ ಮುಂಜಾನೆ ಅತ್ತೆ ತಿಪ್ಪೇರುದ್ರಮ್ಮ ಓಣಿಯ ಹೆಂಗಸರನ್ನು ಕರೆದೊಯ್ದು ಹೊಲ ತೋರಿಸುತ್ತಿದ್ದರು. "ನಮ್ಮ ಸೊಸಿ ತವರಿನೋರು ಬಂದು ಹೋಗ್ಯಾರ ನೋಡ್ರಿ" ಎನ್ನುತ್ತಿದ್ದರು. ಆ ಮನೆಯಲ್ಲಿ ನಾನು ಗಟ್ಟಿಯಾಗಿ ಮಾತಾಡುತ್ತಿದ್ದುದು ಆ ಒಂದು ರಾತ್ರಿಯ ಬಲದ ಮೇಲೆ. ಈಗ ಅದು ಹೋದರೆ ನಾನು ಬರಿಗೈಯಲ್ಲಿ ಬಂದವಳಾಗುತ್ತೇನೆ.

ಗಂಡ ಶಿವಶಂಕರರಿಗೆ ಹೇಳಿದೆ. ಅವರು ಒಳ್ಳೆಯವರೇ, ಆದರೆ ತಮ್ಮ ಅಪ್ಪನ ಎದುರು ಬಾಯಿ ತೆರೆಯುವುದು ಆಕಳಿಸಲು ಮಾತ್ರ. ಆದರೂ ಟಿವಿಎಸ್ ಗಾಡಿಯ ಮೇಲೆ ನನ್ನನ್ನು ತವರಿಗೆ ಬಿಟ್ಟುಬಂದರು. ಅಷ್ಟು ಧೈರ್ಯ ಮಾಡಿದ್ದಕ್ಕೆ ನಾನು ಇವತ್ತಿಗೂ ಅವರನ್ನು ಹೊಗಳುತ್ತೇನೆ.

ಅಪ್ಪನ ಅಂಗಳದಲ್ಲಿ ಊರೇ ಕೂತಿತ್ತು. ಅಪ್ಪ ಬೊಮ್ಮಪ್ಪ ಬನ್ನಿಹಟ್ಟಿಯ ಹಿರಿಯ. ಮಾತು ಕಡಿಮೆ, ಕಂಬಳಿ ಹೊದ್ದು ಕೂತರೆ ಗುಡ್ಡದ ಕಲ್ಲು. ನನ್ನ ತಮ್ಮ ಮೈಲಾರೇಶ್ ಆಗಲೇ ನಿಂತು ಹಾರಾಡುತ್ತಿದ್ದ.

"ನಮ್ಮೂರ ಮುಂದ ರಸ್ತಾಕ್ಕ ಹಗ್ಗ ಕಟ್ಟೋಣ. ಅವರ ಟ್ರ್ಯಾಕ್ಟರು ಕೊಟ್ಟೂರಿಗೆ ಹೋಗಬೇಕಂದ್ರ ನಮ್ಮೂರ ಮ್ಯಾಲೇ ಹೋಗಬೇಕು. ಅವರು ಮೂರು ಪಟ್ಟು ಅಂದ್ರ ನಾವು ಆರು ಪಟ್ಟು ಅನ್ನೋಣ!"

"ಹಗ್ಗ ಕಟ್ಟಿದ್ರ ಬಸ್ಸಿನವ ನಮ್ಮೂರು ಬಿಟ್ಟು ಬ್ಯಾರೆ ದಾರಿ ಹಿಡಿತಾನ," ಎಂದ ಅಪ್ಪ. "ಆಮ್ಯಾಲೆ ಬಸರಿ ಹೆಂಗಸರನ್ನ ನೀನು ಹೊತ್ಕೊಂಡು ಹೋಗ್ತಿಯೇನಲೇ ಕೊಟ್ಟೂರಿಗೆ?"

ಎಲ್ಲರೂ ನಕ್ಕರು. ಮೈಲಾರೇಶ್ ಕೂತ.

ಮುದುಕ ದುರುಗಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಕೇಳಿದ್ದು ಕೊಟ್ಟು ಸುಮ್ನಾಗೋಣಪ್ಪ. ಬೀಗರ ಊರು. ಯಾಕ ಬೇಕು ಕಿರಿಕಿರಿ?"

"ಈ ಯುಗಾದಿಗೆ ಕೊಟ್ರ ಮುಂದಿನ ಯುಗಾದಿಗೆ ಇನ್ನೂ ಕೇಳ್ತಾರ. ಕೊಡೋ ಕೈ ನೋಡಿದ ಮ್ಯಾಲೆ ಕೇಳೋ ಬಾಯಿ ನಿಲ್ತದೇನು?" ಎಂದ ಅಪ್ಪ. ಆದರೆ ಏನು ಮಾಡಬೇಕೆಂದು ಅವನಿಗೂ ತೋಚಿರಲಿಲ್ಲ.

ಬಾಗಿಲ ಮರೆಯಲ್ಲಿ ಅವ್ವ ಅಂಜಿನಕ್ಕ ಮೊರದಲ್ಲಿ ಕಾಳು ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸದೆ ಹೇಳಿದಳು: "ನಮ್ಮ ಕುರಿ ಅವರ ಸಂತಿಗೆ ಬ್ಯಾಡಾಗ್ಯಾವ. ಅವರ ಹೊಲಕ್ಕ ಹೆಂಗ ಬೇಕಾಗ್ತಾವ?"

ಅಪ್ಪನ ಮುಖದ ಮೇಲೆ ನಿಧಾನವಾಗಿ ನಗು ಮೂಡಿತು. ಅರಸೀಕೆರೆಯ ಕಡೆಯ ರೈತರು ನಮ್ಮ ಹಿಂಡುಗಳನ್ನು ಎಷ್ಟೋ ವರ್ಷಗಳಿಂದ ಕರೆಯುತ್ತಿದ್ದರು. ನಮ್ಮ ಹರಪನಹಳ್ಳಿ ತಾಲೂಕಿನ ಅರಸೀಕೆರೆ, ಆ ರೈಲಿನ ಅರಸೀಕೆರೆ ಅಲ್ಲ. ಮಾರಾಟವೂ ಅಲ್ಲೇ, ಮಲಗುವುದೂ ಅಲ್ಲೇ ಎಂದು ತೀರ್ಮಾನವಾಯಿತು. ದೂರ ಹೆಚ್ಚು, ಕಾಲು ಸವೆಯುತ್ತವೆ. ಸವೆಯಲಿ ಎಂದರು ಎಲ್ಲರೂ.

"ಸುಂಕ ಶುರುವಾಗಾಕ ಇನ್ನೂ ದಿನ ಅದಾವಲ್ಲ?" ಎಂದ ದುರುಗಪ್ಪ.

"ಹಾಕ್ತೀವಿ ಅಂತ ಡಂಗುರ ಹೊಡಿಸಿದ ದಿನಾನ ಹಾಕಿದಂಗ. ಈ ವರ್ಷ ಮಲ್ಲನಕೆರಿ ಮಣ್ಣಾಗ ನಮ್ಮ ಒಂದು ಮರಿನೂ ಮಲಗಬಾರ್ದು," ಎಂದ ಅಪ್ಪ. ಆಮೇಲೆ ನನ್ನ ಕಡೆ ನೋಡಿದ. ದನಿ ಮೆತ್ತಗಾಯಿತು. "ನಮ್ಮ ದುರ್ಗಾನ ಹೊಲ ಒಂದು ಬಿಟ್ಟು."

"ಹೌದೌದು, ಮಗಳ ಹೊಲ. ಅದು ಬ್ಯಾರೆ ಮಾತು," ಎಂದರು ಎಲ್ಲರೂ.

ನಾನು ಸುಮ್ಮನಿದ್ದಿದ್ದರೆ ಕುರಿಗಳ ಆ ಮೊದಲ ರಾತ್ರಿ ನನಗೆ ಉಳಿಯುತ್ತಿತ್ತು. ಅದನ್ನು ಉಳಿಸಿಕೊಳ್ಳಲೆಂದೇ ನಾನು ಓಡಿಬಂದದ್ದು. ಆದರೆ ಆ ಮಾತು ಕೇಳಿದ ಕೂಡಲೇ ಮೈಯೆಲ್ಲ ಉರಿಯಿತು.

"ಅಪ್ಪ, ಅದು ನನ್ನ ಹೊಲ ಅಷ್ಟ ಅಲ್ಲ, ಅಧ್ಯಕ್ಷರ ಹೊಲ. ಊರಾಗಿನ ಬಡವರ ಹೊಲಕ್ಕ ಹಿಕ್ಕಿ ಇಲ್ಲ, ಸುಂಕ ಹಾಕಿದವರ ಹೊಲಕ್ಕ ಐತಿ ಅಂದ್ರ ಮಂದಿ ಏನಂತಾರ? ಬೊಮ್ಮಪ್ಪ ಬೀಗನ ಮುಂದ ಕಾಲು ಮಡಚಿದ ಅಂತಾರ. ಮಾಡೋದಾದ್ರ ನಮ್ಮ ಹೊಲದಿಂದ ಶುರು ಮಾಡು. ಇಲ್ಲಾಂದ್ರ ಈ ಪಂಚಾಯ್ತಿ ಇಲ್ಲಿಗೇ ಬಿಡು."

"ಆ ಮನ್ಯಾಗ ಬಾಳೋಕಿ ನೀನವ್ವ," ಎಂದ ಅಪ್ಪ.

"ಬಾಳ್ತೀನಿ. ತಲಿ ಎತ್ತಿ ಬಾಳ್ತೀನಿ."

ಅಪ್ಪ ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ. ಬೆವರು ಒರೆಸಿದ ಎಂದು ಅಲ್ಲಿದ್ದವರು ತಿಳಿದಿರಬಹುದು. ನಾನು ಹಾಗೆ ತಿಳಿಯಲಿಲ್ಲ.

ಗಂಡನ ಮನೆಗೆ ಬಂದವಳೇ ಮಾವನಿಗೆ ನೇರವಾಗಿ ಹೇಳಿದೆ. ಅವರು ಟಿವಿಯ ಸದ್ದು ಕಡಿಮೆ ಮಾಡಿ ನಕ್ಕರು. "ನಿಮ್ಮಪ್ಪ ಹೆದರಿಸಾಕ ಹತ್ಯಾನ."

"ಹೆದರಿಸಾಕಲ್ಲ ಮಾವ. ಮಾಡೋದನ್ನ ಹೇಳ್ಯಾರ."

"ಆತು ಬಿಡು. ಅಂಗಡ್ಯಾಗ ಯೂರಿಯಾ ಖಾಲಿ ಆಗೇತೇನು?" ಎಂದು ಟಿವಿಯ ಸದ್ದು ಮತ್ತೆ ಜೋರು ಮಾಡಿದರು.

ಮುಂದಿನ ಸೋಮವಾರ ಸಂತೆಯ ಕುರಿಬಯಲು ಬಣಗುಟ್ಟಿತು. ದಾವಣಗೆರೆಯಿಂದ ಬಂದ ವ್ಯಾಪಾರಿಗಳು ಊರಿನ ಬಡಕಲು ಕುರಿಗಳ ಬೆನ್ನು ಮುಟ್ಟಿ ನೋಡಿ, ಬನ್ನಿಹಟ್ಟಿಯವರು ಎಲ್ಲಿ ಎಂದು ಕೇಳಿ, ಲಾರಿ ಹತ್ತಿ ಅರಸೀಕೆರೆಯ ದಾರಿ ಹಿಡಿದರು. ಅದರ ಮುಂದಿನ ವಾರ ಅವರು ಬರಲೇ ಇಲ್ಲ. ಚಹಾದಂಗಡಿ, ಮಿರ್ಚಿಯ ಬಾಣಲೆ, ಹಗ್ಗ ಮಾರುವವರು ಎಲ್ಲ ನೊಣ ಹೊಡೆಯುತ್ತ ಕೂತರು. ಅತ್ತ ಹೊಲಗಳವರಿಗೂ ಚಿಂತೆ ಹತ್ತಿತು. ಸುಗ್ಗಿ ಮುಗಿದು ಹೊಲ ಬಿದ್ದಿದೆ, ಗುಡ್ಡದ ಕಡೆಯಿಂದ ಗಂಟೆಯ ಸದ್ದಿಲ್ಲ. ಒಬ್ಬೊಬ್ಬರೇ ಮನೆಗೆ ಬಂದು ಮಾವನ ಮಂಚದ ಬಳಿ ನಿಂತು, ತಲೆ ಕೆರೆದುಕೊಂಡು ಹೋಗುತ್ತಿದ್ದರು.

ನನಗೇನೂ ಸುಖವಿರಲಿಲ್ಲ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ನನಗೆ ಹೇಳಬೇಕಾದದ್ದನ್ನೆಲ್ಲ ಪಾತ್ರೆಗಳಿಗೆ ಹೇಳುತ್ತಿದ್ದರು. "ತವರಿನೋರೇ ಬಿಟ್ಟ ಮ್ಯಾಲೆ ಇನ್ಯಾರು ಕೇಳ್ತಾರವ್ವ" ಎಂದು ಕೊಡವನ್ನು ಕೇಳಿದ ದಿನ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅತ್ತು ಮುಖ ತೊಳೆದುಕೊಂಡು ಬಂದು ಅಂದಿನ ರೊಟ್ಟಿಯನ್ನು ಎಂದಿಗಿಂತ ಜೋರಾಗಿ ಬಡಿದೆ.

ಸುಂಕ ಶುರುವಾಗುವ ಹಿಂದಿನ ದಿನ, ಭಾನುವಾರ ಇಳಿಹೊತ್ತು. ನಾನು ಹೊಲದಲ್ಲಿ ಜೋಳದ ಕೂಳೆ ಕಿತ್ತು ರಾಶಿ ಹಾಕುತ್ತಿದ್ದೆ. ದೂರದಲ್ಲಿ ಗಂಟೆ ಕೇಳಿಸಿತು. ಅಪ್ಪನ ಹಿಂಡು ಅರಸೀಕೆರೆಯ ಕಡೆ ಹೊರಟಿತ್ತು. ಆ ದಾರಿ ನಮ್ಮ ಹೊಲದ ಬದುವಿಗೇ ಹತ್ತಿಕೊಂಡು ಹೋಗುತ್ತದೆ. ಹಿಂಡಿನ ಮುಂದೆ ಸಾವ್ಕಾರ. ಅದು ಅಪ್ಪನ ಮುದಿ ಟಗರು, ಕೊರಳಲ್ಲಿ ಗಂಟೆ, ನಡೆಯುವ ಗತ್ತು ನೋಡಿ ಊರವರು ಇಟ್ಟ ಹೆಸರು. ಅದು ಎಲ್ಲಿ ನಡೆದರೆ ಹಿಂಡು ಅಲ್ಲಿ.

ಅಪ್ಪ ಊರಿಗೆಲ್ಲ ಹೇಳಿದ್ದ, ಪ್ರತಿ ಕುರಿಗಾರನಿಗೂ ಹೇಳಿದ್ದ, ದುರುಗಪ್ಪನಿಗಂತೂ ಮತ್ತೆ ಮತ್ತೆ ಹೇಳಿದ್ದ. ಸಾವ್ಕಾರನಿಗೆ ಹೇಳುವುದನ್ನು ಮರೆತಿದ್ದ. ಕೊರಳಿಗೆ ಹಗ್ಗ ಹಾಕಿ ಹಿಡಿದುಕೊಂಡು ಬರಬೇಕಿತ್ತು, ಹಾಕಿರಲಿಲ್ಲ. ಪ್ರತಿವರ್ಷ ಮೊದಲ ರಾತ್ರಿ ಇದೇ ಹೊಲ, ಇಲ್ಲಿ ನಾನು ಅಂಗೈಯಲ್ಲಿ ಜೋಳದ ತೆನೆ ಹಿಡಿದು ನಿಂತಿರುತ್ತೇನೆ. ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಬದುವಿನ ಬೇವಿನ ಮರ ಬಂದ ಕೂಡಲೇ ಸಾವ್ಕಾರ ತಿರುಗಿತು. ಹಿಂಡೆಲ್ಲ ಹಿಂದೆ ನುಗ್ಗಿತು. ನಾನು ಕೈಯಲ್ಲಿದ್ದ ಕೂಳೆ ಕೆಳಗೆ ಹಾಕುವಷ್ಟರಲ್ಲಿ ಹೊಲದ ತುಂಬ ಕುರಿ. ದಣಿದು ಬಂದಿದ್ದವು, ಒಂದೊಂದೇ ಮೊಣಕಾಲೂರಿ ಮಲಗಿಬಿಟ್ಟವು.

ಸುದ್ದಿ ಊರಿಗೆ ಹೋಗುವುದು ತಡವಾಗಲಿಲ್ಲ. ಅರ್ಧ ಊರು ಬದುವಿನ ಮೇಲೆ ಬಂದು ನಿಂತಿತು. ಮುಂದೆ ಮಾವ, ಹೆಗಲ ಮೇಲೆ ಟವೆಲ್ಲು, ಮುಖದಲ್ಲಿ ಗೆದ್ದ ಕಳೆ.

"ನೋಡಿದ್ರೇನು? ಬೊಮ್ಮಪ್ಪಗ ಮಗಳ ಹೊಲ ಬಿಟ್ಟಿರಾಕ ಆಗಲಿಲ್ಲ! ನಾಳಿ ಸಂತಿಗೂ ತಾನಾ ಬರ್ತಾನ, ಸುಂಕನೂ ಕಟ್ತಾನ."

ಜನ ನಕ್ಕರು. ಅಷ್ಟರಲ್ಲಿ ಅಪ್ಪ ಏದುಸಿರು ಬಿಡುತ್ತ ಬಂದ. ಮರಿಗಳನ್ನು ಹೊಡೆದುಕೊಂಡು ಹಿಂದೆ ಉಳಿದಿದ್ದನಂತೆ. ಹೊಲ ನೋಡಿದ, ಮಾವನನ್ನು ನೋಡಿದ, ಬಡಿಗೆ ಹಿಡಿದ ಕೈ ಇಳಿಬಿಟ್ಟ. ಬನ್ನಿಹಟ್ಟಿಯಲ್ಲಿ ಒಂದು ಕಟ್ಟುಪಾಡು ಇದೆ. ಮಗಳ ಹೊಲದಲ್ಲಿ ಮಲಗಿದ ಕುರಿಯನ್ನು ತವರಿನವರು ಎಬ್ಬಿಸಬಾರದು. ಎಬ್ಬಿಸಿದರೆ ಮಗಳಿಗೂ ತವರಿಗೂ ಇದ್ದ ಋಣ ಹರಿದಂತೆ. ಅದು ಮಾವನಿಗೂ ಗೊತ್ತು, ಅದಕ್ಕೇ ಅವರು ಅಷ್ಟು ನಿಶ್ಚಿಂತೆಯಿಂದ ನಗುತ್ತಿದ್ದರು. ಎಲ್ಲರ ಮುಂದೆ ಹಾಗೆ ಸೋತು ನಿಂತ ಅಪ್ಪನನ್ನು ನಾನು ಎಂದೂ ನೋಡಿರಲಿಲ್ಲ.

ತವರಿನವರು ಎಬ್ಬಿಸಬಾರದು ಸರಿ. ಹೊಲದವಳು ಎಬ್ಬಿಸಬಾರದು ಎಂದು ಯಾರೂ ಹೇಳಿಲ್ಲ.

ನಾನು ಸಾವ್ಕಾರನ ಹತ್ತಿರ ಹೋದೆ. ಅದು ಮೂತಿ ಎತ್ತಿ ನನ್ನ ಅಂಗೈ ಮೂಸಿತು. ತೆನೆ ಇರಲಿಲ್ಲ. "ಏಳೋ ಸಾವ್ಕಾರ," ಎಂದೆ. ಏಳಲಿಲ್ಲ. ಕೊಂಬು ಹಿಡಿದು ಎತ್ತಿದೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಿಕ್ಕಂದಿನಲ್ಲಿ ಗುಡ್ಡದ ಮೇಲೆ ಕೂಗುತ್ತಿದ್ದ ಹಾಗೆ ಗಂಟಲು ಬಿಟ್ಟು ಕೂಗಿದೆ. ಮದುವೆಯಾದ ಮೇಲೆ ಆ ಕೂಗು ಹಾಕಿರಲಿಲ್ಲ, ಸೊಸೆಯಂದಿರು ಹಾಗೆ ಕೂಗುವುದಿಲ್ಲ. ಹಿಂಡು ಒಂದೇ ಸಲಕ್ಕೆ ಎದ್ದಿತು. ನನ್ನ ಸ್ವಂತ ಹೊಲದಿಂದ, ನನ್ನ ಸ್ವಂತ ಅಪ್ಪನ ಕುರಿಗಳನ್ನು, ನಾನೇ ಹೊಡೆದುಕೊಂಡು ಹೋಗಿ ದಾರಿಗೆ ಬಿಟ್ಟೆ. ಬದುವಿನ ಮೇಲಿನ ನಗು ನಿಂತಿತ್ತು.

ಅಪ್ಪ ನನ್ನ ಮುಂದೆ ಹಾಯುವಾಗ ಒಂದು ಗಳಿಗೆ ನಿಂತ. "ದುರ್ಗಾ," ಎಂದ.

"ಹೊತ್ತು ಮುಳುಗಾಕ ಬಂತು, ನಡಿ ಅಪ್ಪ," ಎಂದೆ.

ಜನ ಚದುರಿದರು. ಕುರಿ ಮಲಗಿದ್ದ ಅಷ್ಟು ಹೊತ್ತಿಗೇ ಹೊಲದಲ್ಲಿ ಅಲ್ಲಲ್ಲಿ ಹಿಕ್ಕೆ ಬಿದ್ದಿತ್ತು. ಅತ್ತೆ ಅದನ್ನು ನೋಡಿ, ಬೇವಿನ ಮರಕ್ಕೆ ಹೇಳುವಂತೆ, "ಬಿದ್ದದ್ದಂತೂ ಬಿದ್ದೈತಿ, ಇರ್ಲಿ ಬಿಡು," ಎಂದರು.

ನಾನು ಇರಲು ಬಿಡಲಿಲ್ಲ. ಮರುದಿನ ಮುಂಜಾನೆ ಪೊರಕೆ, ಬುಟ್ಟಿ ಹಿಡಿದು ಹೊಲಕ್ಕೆ ಹೋದೆ. ಸಾಲುಸಾಲು ಗುಡಿಸಿದೆ. ಬಿರುಕುಗಳಲ್ಲಿ ಬಿದ್ದದ್ದನ್ನು ಬೆರಳು ಹಾಕಿ ತೆಗೆದೆ. ಅತ್ತೆ ಬಂದು ಬದುವಿನ ಮೇಲೆ ನಿಂತು ನೋಡಿದರು. ಹುಚ್ಚು ಹಿಡಿಯಿತೇನು ಎಂದು ಕೇಳುತ್ತಾರೆಂದುಕೊಂಡೆ, ಕೇಳಲಿಲ್ಲ. ಬುಟ್ಟಿ ತುಂಬಿತು. ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ನೇರ ಸಂತೆಗೆ ಹೋದೆ.

ಕುರಿಬಯಲಿನ ಬಾಯಿಗೆ ಮೇಜು ಹಾಕಿಕೊಂಡು ಸುಂಕದ ಜಂಬಯ್ಯ ಕೂತಿದ್ದ. ಹೊಸ ಸುಂಕದ ಮೊದಲ ದಿನ ಎಂದು ಮಾವ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದರು. ಅವರ ಮುಂದೆ ಖಾಲಿ ಬಯಲು. ಹೊರಊರಿನ ಒಂದು ಕುರಿಯೂ ಬಂದಿರಲಿಲ್ಲ. ನಾನು ಬುಟ್ಟಿ ಇಳಿಸಿ ಮೇಜಿನ ಮೇಲೆ ಇಟ್ಟೆ.

"ಏನವ್ವ ಇದು?" ಎಂದ ಜಂಬಯ್ಯ, ಮೂಗು ಹಿಂದೆ ತೆಗೆದುಕೊಂಡು.

"ಬನ್ನಿಹಟ್ಟಿ ಮಾಲು. ಅಧ್ಯಕ್ಷರ ಹೊಲಕ್ಕ ಹೋಗಬೇಕು. ಸುಂಕ ಹಾಕ್ರಿ."

ಸಂತೆಯ ಜನ ಸುತ್ತ ನೆರೆದು ಬಿದ್ದು ಬಿದ್ದು ನಕ್ಕರು. ಮಾವ ಕೆಂಪಗಾದರು. "ದುರ್ಗಾ, ಮನಿಗೆ ನಡಿ. ಹಿಕ್ಕಿಗೆ ಯಾರು ಸುಂಕ ಹಾಕ್ಯಾರ?"

"ಹೊರಗಿನ ಮಾಲಿಗೆ ಹಾಕ್ತೀವಿ ಅಂದ್ರಲ್ಲ ಮಾವ. ಕುರಿ ಹೊರಗಿಂದು, ಹಿಕ್ಕಿ ಒಳಗಿಂದು ಹೆಂಗ ಆಗ್ತೈತಿ? ನಿನ್ನಿ ಸಂಜಿಗೆ ಸುಂಕ ಇಲ್ದಂಗ ನಿಮ್ಮ ಹೊಲದಾಗ ಬಿದ್ದಿತ್ತು, ಒಂದು ಕಾಳೂ ಬಿಡದಂಗ ಆರಿಸ್ಕೊಂಡು ಬಂದೀನಿ." ಬುಟ್ಟಿಯನ್ನು ಇನ್ನಷ್ಟು ಮುಂದೆ ತಳ್ಳಿದೆ. "ನಾನೂ ಬನ್ನಿಹಟ್ಟಿಯಿಂದ ಬಂದಾಕಿನಾ. ನನಗೆಷ್ಟು ಹಾಕ್ತೀರಿ, ಅದನ್ನೂ ಹೇಳ್ರಿ."

ಅಷ್ಟರಲ್ಲಿ ಗುಂಪು ಸರಿಸಿಕೊಂಡು ಯಾರೋ ನನ್ನ ಪಕ್ಕ ಬಂದು ನಿಂತರು. ನೋಡಿದರೆ ಅತ್ತೆ. ಹಿಂಡು ಎಬ್ಬಿಸಿದ ನನ್ನ ಕೂಗು ಅವರ ಕಿವಿಯಲ್ಲಿತ್ತೋ, ಎಷ್ಟೋ ವರ್ಷಗಳ ಹಿಂದೆ ತಾವು ಈ ಊರಿಗೆ ಬಂದ ದಿನ ನೆನಪಾಗಿತ್ತೋ, ನಾನು ಕೇಳಿಲ್ಲ.

"ನಾನು ಅರಸೀಕೆರಿಯಾಕಿ," ಎಂದರು ಮಾವನ ಕಣ್ಣಲ್ಲಿ ಕಣ್ಣಿಟ್ಟು. "ಜಂಬಯ್ಯ, ಮೊದಲು ನನಗ ಹಾಕು. ಆಮ್ಯಾಲೆ ನಿಮ್ಮವ್ವಗ ಹಾಕು, ಆಕಿ ಹಡಗಲಿಯಿಂದ ಬಂದಾಕಿ. ಈ ಊರಾಗ ಒಲಿ ಹಚ್ಚೋರೆಲ್ಲ ಹೊರಗಿನೋರ."

ಹಿಂದೆ ನಿಂತಿದ್ದ ಹೆಂಗಸರಲ್ಲಿ ಯಾರೋ "ಕೂಡ್ಲಿಗಿ!" ಎಂದರು. ಇನ್ಯಾರೋ "ನೀಲಗುಂದ!" ಎಂದರು. ಜಂಬಯ್ಯ ಮೆಲ್ಲಗೆ ಮೇಜಿನಿಂದ ಎದ್ದುಬಿಟ್ಟ.

ಮಾವ ಖಾಲಿ ಬಯಲನ್ನು ನೋಡಿದರು. ಆಮೇಲೆ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡು, ಎದ್ದು, ಎರಡೂ ಕೈ ಚಾಚಿ ಬುಟ್ಟಿಯನ್ನು ಹಿಡಿದರು. "ಕೊಡವ್ವ, ಹೊಲಕ್ಕ ನಾನಾ ಒಯ್ತೀನಿ," ಎಂದರು. ಧ್ವನಿಯಲ್ಲಿ ಟಿವಿಯ ಗತ್ತು ಇರಲಿಲ್ಲ.

ನಾನು ಬುಟ್ಟಿಯ ಇನ್ನೊಂದು ಅಂಚು ಬಿಡಲಿಲ್ಲ.

"ಮೊದಲು ಸುಂಕ ಇಲ್ಲಂತ ಡಂಗುರ ಹೊಡಿಸ್ರಿ ಮಾವ," ಎಂದೆ.